ಬಾಗಿದ ಕಬ್ಬಿಣದ ಮುಂದೆ ಅವಸರ ಸಲ್ಲದು

ಚಿತ್ರದುರ್ಗದ ಗುಡ್ಡಗಳಿಗೆ ಗಾಳಿ ಹೊಸದಲ್ಲ. ಗಾಳಿಯಂತ್ರಗಳು ಇಲ್ಲಿ ತಲೆಯೆತ್ತಿದ್ದೇ ಅದನ್ನು ನಂಬಿ. ಆದರೆ ಮುಂಗಾರಿಗೆ ಮುಂಚೆ ಮೇ ತಿಂಗಳ ಸಂಜೆಗಳಲ್ಲಿ ಏಳುವ ಬಿರುಗಾಳಿಯ ಜಾತಿಯೇ ಬೇರೆ. ಅಂಥದೊಂದು ಗಾಳಿ ಗುಡ್ಡದ ಮೇಲಿದ್ದ ಭಾರಿ ಕ್ರಾಲರ್ ಕ್ರೇನನ್ನು, ಅಂದರೆ ಉಕ್ಕಿನ ಪಟ್ಟಿಗಳ ಮೇಲೆ ಚಲಿಸುವ ಕ್ರೇನನ್ನು, ಉರುಳಿಸಿತ್ತು. ಹೈಡ್ರಾ (ಭಾರ ಹಿಡಿದು ಓಡಾಡುವ ಚಿಕ್ಕ ಕ್ರೇನ್) ತೆಗೆದುಕೊಂಡು ಬನ್ನಿ, ಮಧ್ಯಾಹ್ನದೊಳಗೆ ದಾರಿ ಬಿಡಿಸಬೇಕು ಎಂದು ಬೆಳಗಿನ ಜಾವವೇ ನನಗೆ ಕರೆ ಬಂತು.

ಯಾರಿಗೂ ಪೆಟ್ಟಾಗಿರಲಿಲ್ಲ, ಅದೇ ಪುಣ್ಯ. ಕ್ರೇನಿನ ಉದ್ದನೆಯ ತೋಳು, ಅಂದರೆ ಕೊಳವೆಗಳನ್ನು ಹೆಣೆದ ಜಾಲರಿ ಬೂಮ್, ಹಳ್ಳಿಯ ಒಂದೇ ಒಂದು ದಾರಿಗೆ ಅಡ್ಡಬಿದ್ದಿತ್ತು. ಕ್ರೇನಿನ ಒಡಲು ಇಳಿಜಾರಿನ ಅಂಚಿಗೆ ವಾಲಿಕೊಂಡಿತ್ತು. ಟ್ಯಾಂಕಿನಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು, ಕೆಳಗೆ ಕೆರೆ. ಇನ್ನೊಂದು ಮಳೆ ಬಿದ್ದರೆ ಮಣ್ಣು ಸಡಿಲವಾಗುವುದು ಖಂಡಿತ. ಅವಸರಕ್ಕೆ ಕಾರಣವಿತ್ತು. ಆದರೂ “ಗ್ಯಾಸ್ ಕಟರ್ ಹಚ್ಚಿ, ತುಂಡು ಮಾಡಿ ಎಳೆದುಹಾಕಿ” ಎಂದು ಗುತ್ತಿಗೆದಾರರು ಕೂಗಿದಾಗ ನನಗೆ ಕೋಪ ಬಂತು. ಹಿಂದಿನ ಸಂಜೆ ಮೋಡ ಕಂಡೊಡನೆ ಬೂಮ್ ಮಲಗಿಸಿದ್ದರೆ ಈ ಕೆಲಸವೇ ಇರುತ್ತಿರಲಿಲ್ಲ.

ನಮ್ಮ ಜೊತೆಗಿದ್ದ ಹಿರಿಯ ಖಲಾಸಿಯನ್ನು, ಭಾರ ಎತ್ತಿಳಿಸುವ ಕೆಲಸದಲ್ಲಿ ಪಳಗಿದವರನ್ನು, ಎಲ್ಲರೂ ಕಾಕಾ ಎನ್ನುತ್ತೇವೆ. ಪಣಂಬೂರಿನ ಬಂದರಿನಲ್ಲಿ ದುಡಿದು ಬಂದವರು. ಅವರು ಕಟರ್ ಮುಟ್ಟಗೊಡಲಿಲ್ಲ. ಮೊದಲು ಡೀಸೆಲ್ ಖಾಲಿ ಮಾಡಿಸಿ, ಸೋರಿದ ಕಡೆ ಮರಳು ಸುರಿಸಿದರು. ಆಮೇಲೆ ಬೂಮಿನುದ್ದಕ್ಕೂ ನಡೆದು ಹಳದಿ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಹೋದರು. ಬಣ್ಣ ಸೀಳಿ ಹೊಪ್ಪಳೆ ಎದ್ದ ಕಡೆಯೆಲ್ಲ ಸೀಮೆಸುಣ್ಣದ ಗೆರೆ. ಕಬ್ಬಿಣ ಮಿತಿ ಮೀರಿ ಬಾಗಿದ ಜಾಗವೇ ಅದು. ಒಡಲಿನ ಬಳಿ ಬಂದು ನಿಂತು, “ಈ ಬೂಮೇ ಈಗ ಇದಕ್ಕೆ ಊರುಗೋಲು. ಇದನ್ನು ಕತ್ತರಿಸಿದರೆ ಒಡಲು ಕೆರೆಯಲ್ಲಿ” ಎಂದರು.

ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಇಳಿಜಾರಿನ ಮೇಲ್ಗಡೆ ಎರಡು ದೊಡ್ಡ ಎಕ್ಸ್‌ಕವೇಟರ್‌ಗಳನ್ನು ನಿಲ್ಲಿಸಿ, ವೈರ್ ರೋಪಿನಿಂದ ಒಡಲನ್ನು ಬಿಗಿದೆವು. ಅಡಿಗೆ ಮರದ ದಿಮ್ಮಿಗಳನ್ನು ಪೇರಿಸಿದೆವು. ಕತ್ತರಿಸಲು ಶುರು ಮಾಡಿದ್ದು ಬೂಮಿನ ತುದಿಯಿಂದ, ಪ್ರತಿ ತುಂಡನ್ನೂ ಮೊದಲು ಹೈಡ್ರಾದಿಂದ ಹಿಡಿದುಕೊಂಡು. ಮೊದಲು ಅಡ್ಡಪಟ್ಟಿಯ ಕೊಳವೆಗಳು, ಕೊನೆಗೆ ಮುಖ್ಯ ಕೊಳವೆಗಳು. ಎಳೆತದಲ್ಲಿರುವ ಕೊಳವೆ ಕತ್ತರಿಸುತ್ತಿದ್ದಂತೆ ಬಾಯಿ ತೆರೆಯುತ್ತದೆ. ಒತ್ತಡದಲ್ಲಿರುವುದು ಸೀಳನ್ನೇ ಕಚ್ಚಿಕೊಳ್ಳುತ್ತದೆ. ಒಂದು ಕೊಳವೆಯಂತೂ ಕಡಿದ ಕ್ಷಣ ಗೇಣುದ್ದ ಮೇಲೆ ಚಿಮ್ಮಿತು. ಕಟರ್ ಹಿಡಿದ ಹುಡುಗನನ್ನು ಕಾಕಾ ಮೊದಲೇ ಪಕ್ಕಕ್ಕೆ ನಿಲ್ಲಿಸಿದ್ದರು. ಆ ಗೇಣುದ್ದವನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಚಹಾದ ಹೊತ್ತಿಗೆ ಬಂದರಿನ ಮಾತು ಬಂತು. ಅಲ್ಲಿ ಬಿರುಗಾಳಿಯ ಸೂಚನೆ ಸಿಕ್ಕೊಡನೆ ಕ್ರೇನುಗಳನ್ನು ಹಳಿಯ ಮೇಲೆ ಗೊತ್ತುಪಡಿಸಿದ ಜಾಗಕ್ಕೆ ತಂದು, ನೆಲದ ಗುಳಿಗೆ ಉಕ್ಕಿನ ಪಿನ್ನು ಇಳಿಸಿ, ಕಾಲುಗಳನ್ನು ಬಿಗಿಯುತ್ತಾರೆ. ಅಷ್ಟಾದರೂ ಸಾಲದ ದಿನಗಳುಂಟು. 2003ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಬಂದರಿನಲ್ಲಿ ಮೇಮಿ ಚಂಡಮಾರುತಕ್ಕೆ ಕಂಟೇನರ್ ಕ್ರೇನುಗಳೇ ಸಾಲಾಗಿ ನೆಲಕಚ್ಚಿದ್ದವು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳು ನಾಲ್ಕು ಪಟ್ಟಾಗುತ್ತದೆ. ಕಡಲಿನ ಚಂಡಮಾರುತವಾದರೆ ದಿನಗಳ ಮುಂಚೆ ಸುದ್ದಿ ಕೊಡುತ್ತದೆ. ನಮ್ಮ ಬಯಲುಸೀಮೆಯ ಗಾಳಿಗೆ ಆ ಸೌಜನ್ಯವಿಲ್ಲ. ಹಾಗಾಗಿ ಇಲ್ಲಿ ದಿನವೂ ಕೆಲಸ ಮುಗಿದೊಡನೆ ಬೂಮ್ ಮಲಗಿಸಲೇಬೇಕೆಂದು ನಾನು ಹಟ ಹಿಡಿಯುತ್ತೇನೆ.

ದಾರಿ ತೆರೆದದ್ದು ಮಧ್ಯಾಹ್ನವಲ್ಲ, ಕತ್ತಲಾಗುವ ಹೊತ್ತಿಗೆ. ಹಾಲಿನ ವ್ಯಾನು ಮೊದಲು ದಾಟಿತು. ತಡವಾಯಿತೆಂದು ಗುತ್ತಿಗೆದಾರರು ಬಾಡಿಗೆಯಲ್ಲಿ ಕಡಿತದ ಮಾತೆತ್ತಿದರು. ಕೆಲಸಗಾರರ ಕೂಲಿಯಲ್ಲಿ ಒಂದು ಪೈಸೆಯನ್ನೂ ಬಿಡುವುದಿಲ್ಲ ಎಂದು ಅಲ್ಲೇ ಹೇಳಿ, ಒಡಲಿಗೆ ರಾತ್ರಿಯ ಕಾವಲು ಯಾರೆಂದು ಗೊತ್ತುಮಾಡಲು ಹೋದೆ.