ಕೂಸು ಹುಟ್ಟುವ ಮುಂಚೆ ಅಲಾಸ್ಕಾ ಹೊಲಿಸಿದ ಕುಲಾವಿ

ಮೊನ್ನೆ ಮನೆಗೆ ಪೈಪ್ ಗ್ಯಾಸ್ ಬಂತು. ಗೋಡೆ ಕೊರೆಯುವ ಸದ್ದಿಗೆ ಸಿಟ್ಟಾದ ಅಮ್ಮ, "ಇದನ್ನೂ ಸಿಲಿಂಡರಿಗೆ ತುಂಬಿ ಕೊಟ್ಟಿದ್ರೆ ಆಗ್ತಿರಲಿಲ್ವಾ?" ಅಂದರು. ಅದು ಅಷ್ಟು ಸುಲಭ ಅಲ್ಲ. ಎಲ್‌ಪಿಜಿಯನ್ನು ಒತ್ತಿದರೆ ಸಾಕು, ದ್ರವವಾಗಿ ಸಿಲಿಂಡರಿನಲ್ಲಿ ಕೂರುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಾಗೆ ಬಗ್ಗುವ ಪೈಕಿ ಅಲ್ಲ. ದೂರಕ್ಕೆ ರಾಶಿಗಟ್ಟಲೆ ಸಾಗಿಸಬೇಕಾದರೆ ಮೈನಸ್ 162 ಡಿಗ್ರಿಗೆ ತಣಿಸಿ, ಸುಮಾರು 600 ಪಟ್ಟು ಕುಗ್ಗಿಸಿ ಹಡಗಿಗೆ ತುಂಬಬೇಕು, ಇಲ್ಲವೇ ಬಾವಿಯಿಂದ ಊರಿನವರೆಗೂ ಪೈಪು ಹಾಕಬೇಕು. ಎರಡಕ್ಕೂ ರಾಶಿ ದುಡ್ಡು ಬೇಕು.

ಅದಕ್ಕೇ ದೂರದ ಅನಿಲ ಸರ್ಕಾರಗಳಿಗೆ ತಲೆನೋವು. ಅಮೆರಿಕದ ಅಲಾಸ್ಕಾ ರಾಜ್ಯವನ್ನೇ ನೋಡಿ. ಅದರ ಉತ್ತರ ತುದಿಯ ಪ್ರೂಡೋ ಬೇಯಲ್ಲಿ 1968ರಲ್ಲಿ ಎಣ್ಣೆ, ಅನಿಲ ಎರಡೂ ಸಿಕ್ಕವು. ಎಣ್ಣೆಗೆ 1977ರಲ್ಲೇ ಸುಮಾರು 1,290 ಕಿ.ಮೀ. ಪೈಪು ಬಂತು. ಅನಿಲ ಮಾತ್ರ ಇನ್ನೂ ಅಲ್ಲೇ ಇದೆ. ಎಣ್ಣೆಯ ಜೊತೆ ಮೇಲೆ ಬಂದದ್ದನ್ನು ಬಹುಪಾಲು ಮತ್ತೆ ನೆಲದೊಳಕ್ಕೇ ತುಂಬುತ್ತಾರೆ. ಸುಮ್ನೆ ಅಲ್ಲ, ಆ ಒತ್ತಡಕ್ಕೆ ಇನ್ನಷ್ಟು ಎಣ್ಣೆ ಮೇಲೆ ಬರುತ್ತದೆ.

ಸರ್ಕಾರ ಕೈಕಟ್ಟಿ ಕೂತಿತ್ತು ಅನ್ನುವ ಹಾಗೂ ಇಲ್ಲ. 1976ರಲ್ಲಿ ಅಮೆರಿಕದ ಸಂಸತ್ತು ಈ ಅನಿಲವನ್ನು ಕೆನಡಾದ ಆಚೆ, ಕೆಳಗಿರುವ ಉಳಿದ ರಾಜ್ಯಗಳಿಗೆ ಸಾಗಿಸಲಿಕ್ಕೆಂದೇ ಒಂದು ಕಾನೂನು ಮಾಡಿತು. ಮೂರು ದಾರಿಗಳಿಗೆ ಪೈಪೋಟಿ ಇತ್ತು: ಕೆನಡಾದ ಮೆಕೆಂಜಿ ಕಣಿವೆಯ ಮೂಲಕ, ಅಲಾಸ್ಕಾ ಹೆದ್ದಾರಿಯ ಪಕ್ಕದಲ್ಲಿ, ಅಥವಾ ದಕ್ಷಿಣದ ಬಂದರಿನಿಂದ ಹಡಗಿನಲ್ಲಿ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಹೆದ್ದಾರಿ ದಾರಿಯನ್ನು ಆರಿಸಿದರು. ಮುಂದೇನಾಯಿತು ಗೊತ್ತಾ? ದಕ್ಷಿಣದ ತುಂಡುಗಳನ್ನು 80ರ ದಶಕದ ಶುರುವಿನಲ್ಲೇ ಕಟ್ಟಿ, ಅಲಾಸ್ಕಾದ ಅನಿಲ ಬರುವ ತನಕ ಇರಲಿ ಅಂತ ಅದರಲ್ಲಿ ಕೆನಡಾದ ಅನಿಲ ಹರಿಸಿದರು. ಉತ್ತರದ ತುಂಡು ಬರಲೇ ಇಲ್ಲ.

2004ರಲ್ಲಿ ಮತ್ತೊಂದು ಕಾನೂನು, 18 ಬಿಲಿಯನ್ ಡಾಲರ್ ತನಕ ಸಾಲಕ್ಕೆ ಸರ್ಕಾರದ ಖಾತರಿ. ಗವರ್ನರ್ ಸಾರಾ ಪೇಲಿನ್ ಕಾಲದಲ್ಲಿ ರಾಜ್ಯವೇ ಒಂದು ಕಂಪನಿಗೆ 50 ಕೋಟಿ ಡಾಲರ್ ತನಕ ಕೊಡಲು ಒಪ್ಪಿತು. ಅಷ್ಟರಲ್ಲಿ ಕೆಳಗಿನ ರಾಜ್ಯಗಳಲ್ಲೇ ಶೇಲ್ ಅನಿಲ, ಅಂದರೆ ಪದರಗಲ್ಲು ಒಡೆದು ತೆಗೆಯುವ ಅನಿಲ, ಉಕ್ಕಿ ಬೆಲೆ ನೆಲ ಕಚ್ಚಿತು. ಇನ್ನು ಅಷ್ಟು ದೂರದ ಅನಿಲ ಯಾರಿಗೆ ಬೇಕು? ಈಗ ಅಲಾಸ್ಕಾದಲ್ಲೇ ದಕ್ಷಿಣದ ಕರಾವಳಿಯ ನಿಕಿಸ್ಕಿಗೆ ಪೈಪು ಎಳೆದು, ಅಲ್ಲಿ ತಣಿಸಿ ಏಷ್ಯಾಕ್ಕೆ ಕಳಿಸುವ ಮಾತು. 2025ರ ಜನವರಿಯಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಇದಕ್ಕೆ ಆದ್ಯತೆ ಕೊಡಿ ಅಂತ ಆದೇಶ ಹೊರಡಿಸಿದರು.

ನನಗನಿಸುವುದು ಇಷ್ಟು. ಪ್ರತಿ ಸಲ ದಾರಿ, ಕಾನೂನು, ಸಾಲದ ಖಾತರಿ ಅಂತ ಏನಾದರೊಂದು ಗಟ್ಟಿಯಾಯಿತು, ಇಪ್ಪತ್ತು ವರ್ಷ ಅನಿಲ ಕೊಳ್ಳುತ್ತೇನೆ ಅಂತ ಸಹಿ ಹಾಕುವ ಗಿರಾಕಿ ಮಾತ್ರ ಗಟ್ಟಿಯಾಗಲಿಲ್ಲ. ಗುಜರಾತಿನಿಂದ ಉತ್ತರ ಪ್ರದೇಶಕ್ಕೆ ಹೋಗುವ ನಮ್ಮ ಹಜೀರಾ-ವಿಜೈಪುರ-ಜಗದೀಶಪುರ ಅನಿಲ ಪೈಪ್‌ಲೈನ್ ಹಾಕುವಾಗ ದಾರಿಯುದ್ದಕ್ಕೂ ಗೊಬ್ಬರದ ಕಾರ್ಖಾನೆಗಳನ್ನೂ ಜೊತೆಯಲ್ಲೇ ಯೋಜಿಸಿದ್ದರು. ಉಣ್ಣುವವರನ್ನು ಕೂರಿಸಿಯೇ ಎಲೆ ಹಾಕಿದ ಹಾಗೆ. ಅಲ್ಲೂ ತಪ್ಪುಗಳಿದ್ದವು, ಅದು ಬೇರೆ ಮಾತು.

ಇದನ್ನೆಲ್ಲ ಹೇಳಿದ ಮೇಲೆ ಅಮ್ಮ, "ಹಾಗಾದ್ರೆ ಆ ಊರಿನವರು ಚಳಿಗೆ ಏನು ಮಾಡ್ತಾರೆ?" ಅಂದರು. ಅಲಾಸ್ಕಾದ ನಡುವಿನ ಫೇರ್‌ಬ್ಯಾಂಕ್ಸ್‌ನಲ್ಲಿ ತುಂಬಾ ಮನೆಗಳಲ್ಲಿ ಎಣ್ಣೆ, ಸೌದೆ ಉರಿಸುತ್ತಾರೆ, ಚಳಿಗಾಲದಲ್ಲಿ ಊರ ತುಂಬ ಹೊಗೆ. ದಕ್ಷಿಣದ ಆಂಕರೇಜ್ ಕಡೆ ಕುಕ್ ಇನ್ಲೆಟ್ ಅನ್ನುವ ಬೇರೆ ನಿಕ್ಷೇಪ ಇದೆ, 1969ರಿಂದ ಅಲ್ಲಿನ ಅನಿಲ ಜಪಾನಿಗೆ ಹಡಗಿನಲ್ಲಿ ಹೋಗುತ್ತಿತ್ತು. ಈಗ ಅದೂ ಬರಿದಾಗುತ್ತಿದೆ, ಹೊರಗಿನಿಂದ ಹಡಗಿನಲ್ಲಿ ಅನಿಲ ತರಿಸಲು ಅಲ್ಲಿನ ಕಂಪನಿಗಳು ತಯಾರಿ ನಡೆಸಿವೆ.