ಅರಿಶಿನ ಗೆದ್ದದ್ದು ಯಾರ ಮೇಲೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿದೆ ಹಾಸನದ ನಮ್ಮ ಲ್ಯಾಬಿನ ಕೆಲಸ. ಅರಿಶಿನದ ಹಳದಿ ಸತ್ವ ಕರ್ಕ್ಯುಮಿನ್ ಹಾಕಿದ, ಕೋಶ ಬೆಳೆಸುವ ಪುಟ್ಟ ವೆಲ್‌ಗಳಲ್ಲಿ ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್‌ಗಳು ಇಳಿದವು ಎಂದು ಕಳೆದ ಕಂತಿನಲ್ಲಿ ಬೀಗಿದ್ದನ್ನು ವಾಪಸ್ ಪಡೆಯಬೇಕು. ಅರಿಶಿನ ಸೋಲಿಸಿದ್ದು ಸವೆದ ಕೃತಕ ಕೀಲಿನಿಂದ ಉದುರುವ ಪುಡಿಯ ಬದಲಿಗೆ ನಾವು ಬಳಸಿದ ಟೈಟೇನಿಯಂ ಪುಡಿಯನ್ನಲ್ಲ, ಪುಡಿಗೆ ಅಂಟಿದ್ದ ಬ್ಯಾಕ್ಟೀರಿಯಾದ ವಿಷ ಎಂಡೋಟಾಕ್ಸಿನ್ನನ್ನು.

ಕೋಶದ ಭಾಗ ಎಂದಿನಂತೆಯೇ: ರಾ 264.7 ಎಂಬ ಇಲಿಯ ಕೋಶಗಳು, ಮಿಲಿಗೆ 50 ನ್ಯಾನೋಗ್ರಾಂನಂತೆ ಅವನ್ನು ಆಸ್ಟಿಯೋಕ್ಲಾಸ್ಟ್ ಆಗಿಸುವ ಪ್ರೋಟೀನ್ ರ‍್ಯಾಂಕ್‌ಎಲ್, ಐದು ದಿನ, ಆಸ್ಟಿಯೋಕ್ಲಾಸ್ಟ್ ಗುರುತಿಸುವ ಟ್ರ್ಯಾಪ್ ಬಣ್ಣ, ಮೂರಕ್ಕೆ ಕಡಿಮೆ ಇಲ್ಲದಂತೆ ನ್ಯೂಕ್ಲಿಯಸ್ ಇರುವವುಗಳ ಎಣಿಕೆ.

ಅನುಮಾನ ಹುಟ್ಟಿಸಿದ್ದು ಹಾಕಿದ ಕ್ರಮ. ರ‍್ಯಾಂಕ್‌ಎಲ್ ಕೊಟ್ಟು ಒಂದು ದಿನ ಬಿಟ್ಟು ಪುಡಿ ಹಾಕಿದರೆ ಆಸ್ಟಿಯೋಕ್ಲಾಸ್ಟ್ ಏರುತ್ತಿತ್ತು, ಪುಡಿ ಮೊದಲು ಹಾಕಿದರೆ ಇಳಿಯುತ್ತಿತ್ತು. ಇದು ಎಂಡೋಟಾಕ್ಸಿನ್ನಿನ ಹಳೇ ಚಾಳಿ. ಖಚಿತಕ್ಕೆ, ಎಂಡೋಟಾಕ್ಸಿನ್ನನ್ನು ಹಿಡಿದು ಕಟ್ಟಿಹಾಕುವ ಪಾಲಿಮಿಕ್ಸಿನ್-ಬಿ ಎಂಬ ಆಂಟಿಬಯಾಟಿಕ್ ಅನ್ನು ಮಿಲಿಗೆ 10 ಮೈಕ್ರೋಗ್ರಾಂ ಹಾಕಿದೆವು. ಅದಕ್ಕೂ ಲೋಹಕ್ಕೂ ಸಂಬಂಧವಿಲ್ಲ, ಆದರೂ ಪುಡಿಯ ಅಬ್ಬರ ಅರ್ಧಕ್ಕರ್ಧ ಇಳಿಯಿತು. ಕರ್ಕ್ಯುಮಿನ್ ಎಂಡೋಟಾಕ್ಸಿನ್ ಹಿಡಿಯುವ ಎಂಡಿ-2 ಪ್ರೋಟೀನಿಗೇ ಅಂಟುತ್ತದೆ. ಹಾಗಿದ್ದರೆ ನಮ್ಮ ಗೆಲುವಿನಲ್ಲಿ ಸವೆದ ಕೀಲಿನ ಪಾಲೆಷ್ಟು?

ಆಟೋಕ್ಲೇವ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅದರ ಹೊರಪೊರೆಯ ಎಂಡೋಟಾಕ್ಸಿನ್ 121 ಡಿಗ್ರಿಗೆ ಜಗ್ಗುವುದಿಲ್ಲ. ಗಾಜಿನ ಸಾಮಾನಿಗಾದರೆ 250 ಡಿಗ್ರಿಯಲ್ಲಿ 30 ನಿಮಿಷ ಒಣ ಬಿಸಿ ಸಾಕು. ಆದರೆ ಸಣ್ಣ ಟೈಟೇನಿಯಂ ಪುಡಿ ಒಣಗಿದ್ದಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಅದಕ್ಕೆ ಒದ್ದೆ ದಾರಿಯೇ ಕ್ಷೇಮ: 25% ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ, ಸೆಂಟ್ರಿಫ್ಯೂಜ್, ನೀರಿನಲ್ಲಿ ತೊಳೆತ, ಆಮೇಲೆ 95% ಎಥನಾಲಿನಲ್ಲಿ 0.1 ನಾರ್ಮಲ್ ಕಾಸ್ಟಿಕ್ ಸೋಡಾ, ಮತ್ತೆ ತೊಳೆತ. ಇಂಥ ನಾಲ್ಕು ಸುತ್ತು. ನಡುವಿನ ತೊಳೆತದಲ್ಲಿ ಸೋಮಾರಿತನ ಬೇಡ, ನೈಟ್ರಿಕ್ ಮತ್ತು ಎಥನಾಲ್ ಸೇರಿದರೆ ಸಿಡಿಯುತ್ತದೆ. ಫ್ಯೂಮ್ ಹುಡ್ ಇಲ್ಲದವರು ಈ ಸಾಲನ್ನು ಓದಿ ಸುಮ್ಮನಿರಿ.

ಇಷ್ಟಾದರೂ, ಎಂಡೋಟಾಕ್ಸಿನ್ ಇದ್ದರೆ ಗಟ್ಟಿಯಾಗುವ ಜೆಲ್-ಕ್ಲಾಟ್ ಪರೀಕ್ಷೆಯ ಕೊಳವೆ ಗಟ್ಟಿಯಾಗಿಯೇ ನಿಂತಿತು! ಆಮ್ಲ ಬದಲಿಸಿದೆವು, ಕೊಳವೆ ಬದಲಿಸಿದೆವು. ಕೊನೆಗೆ ಸಿಕ್ಕಿಬಿದ್ದದ್ದು ತೊಳೆಯುವ ನೀರು. ವಾರಗಟ್ಟಲೆ ಕ್ಯಾನಿನಲ್ಲಿ ಕೂತ ಡಿಸ್ಟಿಲ್ಡ್ ವಾಟರಿನ ತಳದಲ್ಲಿ ಲೋಳೆ ಕಟ್ಟಿತ್ತು. ಅದನ್ನೇ ಆಟೋಕ್ಲೇವ್ ಮಾಡಿ ‘ಶುದ್ಧ’ ಎಂದು ಬರೆದಿಟ್ಟಿದ್ದೆವು. ಮದ್ದು ಮೆಡಿಕಲ್ ಶಾಪಿನಲ್ಲೇ ಇತ್ತು: ಇಂಜೆಕ್ಷನ್ ಪುಡಿ ಕಲಸುವ ನೀರಿನ 10 ಮಿಲಿ ಆಂಪೂಲ್. ಅದರ ಎಂಡೋಟಾಕ್ಸಿನ್ ಮಿತಿ ಮಿಲಿಗೆ 0.25 ಯೂನಿಟ್. ಕೊನೆಯ ಐದು ತೊಳೆತ ಅದರಲ್ಲೇ, ಆಗಷ್ಟೇ ಒಡೆದ ಆಂಪೂಲಿನಿಂದ.

ಪರೀಕ್ಷೆಯಲ್ಲೂ ಎರಡು ಗುಂಡಿಗಳಿವೆ. ಎಂಡೋಟಾಕ್ಸಿನ್ ಇದ್ದರೆ ಬಣ್ಣ ಬರುವ ಕಿಟ್ಟನ್ನು 405 ನ್ಯಾನೋಮೀಟರಿನಲ್ಲಿ ಓದಬೇಕು. ಕರ್ಕ್ಯುಮಿನ್ನಿನ ಹಳದಿ ಅಲ್ಲೇ ಅಡ್ಡ ಬರುತ್ತದೆ, ಹಾಗಾಗಿ ಜೆಲ್-ಕ್ಲಾಟ್ ಲೇಸು: 100 ಮೈಕ್ರೋಲೀಟರ್ ಮಾದರಿ, ಅಷ್ಟೇ ಲೈಸೇಟ್ (ಎಂಡೋಟಾಕ್ಸಿನ್ ತಾಗಿದರೆ ಹೆಪ್ಪುಗಟ್ಟುವ, ಹಾರ್ಸ್‌ಶೂ ಏಡಿಯ ರಕ್ತಕೋಶದ ಸಾರ), 37 ಡಿಗ್ರಿಯಲ್ಲಿ ಒಂದು ಗಂಟೆ. ನಡುವೆ ಎತ್ತಿ ನೋಡಿದರೆ ಜೆಲ್ ಒಡೆದುಹೋಗುತ್ತದೆ. ಎರಡನೆಯದು ಉಳಿದ ಕಾಸ್ಟಿಕ್. ಪಿಎಚ್ 6–8ರ ಆಚೆ ಹೋದರೆ ಲೈಸೇಟೇ ಕೆಲಸ ಮಾಡದೆ ‘ಎಂಡೋಟಾಕ್ಸಿನ್ ಇಲ್ಲ’ ಎಂಬ ಸುಳ್ಳು ಖುಷಿ ಸಿಗುತ್ತದೆ. ಒಂದು ಕೊಳವೆಗೆ ಬೇಕೆಂದೇ ಎಂಡೋಟಾಕ್ಸಿನ್ ಸೇರಿಸಿ, ಅದು ಗಟ್ಟಿಯಾದರೆ ಮಾತ್ರ ಉಳಿದದ್ದನ್ನು ನಂಬಿ.

ಸಪ್ಲೈಯರ್ ಪುರಾಣ ಬೇರೆ. ‘95% ಕರ್ಕ್ಯುಮಿನ್’ ಡಬ್ಬಿಯಲ್ಲಿರುವುದು ಮೂರು ಕರ್ಕ್ಯುಮಿನಾಯ್ಡ್‌ಗಳ ಮಿಶ್ರಣ. ಬೆಂಗಳೂರಿನಿಂದ ರ‍್ಯಾಂಕ್‌ಎಲ್ ಬಂದದ್ದು ಮೂರನೇ ದಿನ, ಐಸ್ ಪ್ಯಾಕ್ ಮೀನಿನ ತೊಟ್ಟಿಯಷ್ಟು ಬೆಚ್ಚಗೆ. ಫೋನ್ ಮಾಡಿದರೆ ‘ಸ್ಟೇಬಲ್ ಇರುತ್ತೆ ಸಾರ್’.

ಶುದ್ಧ ಪುಡಿಯಲ್ಲಿ ಆಸ್ಟಿಯೋಕ್ಲಾಸ್ಟ್ ಏರಿಕೆಯೇ ಪುಟ್ಟದು, ಕರ್ಕ್ಯುಮಿನ್ ಇಳಿಸುವುದೂ ಅಷ್ಟಕ್ಕಷ್ಟೆ. ಅಂದಹಾಗೆ, ಸೀರಮ್ ಇಲ್ಲದ ಮೀಡಿಯಂನಲ್ಲಿ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ಬಹುಪಾಲು ಒಡೆದುಹೋಗುತ್ತದೆ. ಆದ್ದರಿಂದ 10% ಸೀರಮ್ ಕಡ್ಡಾಯ, ದಿನಾ ಹೊಸದಾಗಿ ಹಾಕಬೇಕು, ಅದನ್ನು ಕರಗಿಸುವ ದ್ರಾವಕ ಡಿಎಂಎಸ್ಒ 0.1% ಮೀರಬಾರದು. ಮಂಡಿ ಬದಲಿಸಿಕೊಂಡ ಅಜ್ಜಿಗೆ ಅರಿಶಿನದ ಹಾಲು ಕೊಡಿ, ರುಚಿಗೆ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ತೀರಾ ಕಡಿಮೆ.

ಈ ನಡುವೆ ಸಕಲೇಶಪುರದ ಹಸಿ ರೊಬಸ್ಟಾ ಕಾಫಿ ಬೀಜದ ಮೂಟೆಯೊಂದು ಮೂಲೆಯಲ್ಲಿ ಕೂತು ‘ಅರಿಶಿನದ ನಂತರದ ಸರದಿ ನನ್ನದು’ ಎಂದು ಕರೆಯುತ್ತಿದೆ. ಹುರಿಯದ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಸಸ್ಯ ಸತ್ವ ಧಾರಾಳ, ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಜಾಸ್ತಿ. ಆದರೆ ಕಣದಲ್ಲಿ ಒಣಗಿದ ಬೀಜದ ಸಾರಕ್ಕೂ ಮೊದಲು ಜೆಲ್-ಕ್ಲಾಟ್ ದಾಟಬೇಕು. ಮುಂದಿನ ಪ್ಲೇಟಿನಲ್ಲಿ ನಾಲ್ಕು ಸಾಲು: ಕೊಳೆ ಪುಡಿ, ತೊಳೆದ ಪುಡಿ, ತೊಳೆದದ್ದಕ್ಕೆ ಎಂಡೋಟಾಕ್ಸಿನ್ ಮರಳಿ ಸೇರಿಸಿದ್ದು, ಬರೀ ಎಂಡೋಟಾಕ್ಸಿನ್. ಪ್ರತಿ ಸಾಲಿನ ಅರ್ಧಕ್ಕೆ ಪಾಲಿಮಿಕ್ಸಿನ್. ಅರಿಶಿನ ಸದ್ಯ ಫ್ರೀಜರಿನಲ್ಲೇ ಇರಲಿ.