ಹಳೇ ದೋಣಿ ಯಾಕೆ, ಹೊಸದೇ ತಗೋಬಾರದಾ?

ಮೂಡಿಗೆರೆ ಕಡೆ ಯಾರ ಮನೆ ಮದುವೆಗೆ ಹೋದರೂ ಈ ಪ್ರಶ್ನೆ ತಪ್ಪುವುದಿಲ್ಲ. "ಅಲ್ಲ ಭಾವ, ಆ ಹಳೇ ದೋಣಿಗೆ ಇಷ್ಟೊಂದು ದುಡ್ಡು ಸುರೀತೀರಲ್ಲ, ಒಂದು ಹೊಸದೇ ತಗೋಬಾರದಾ?" ಕೇಳುವವರೆಲ್ಲ ಕಾಫಿ ಬೆಳೆಗಾರರು. ಸಮುದ್ರ ನೋಡಬೇಕಂದ್ರೆ ಚಾರ್ಮಾಡಿ ಘಾಟಿ ಇಳಿಯುವ ಜನ. ಊಟದ ಪಂಕ್ತಿಯಲ್ಲಿ ಪೂರ್ತಿ ಉತ್ತರ ಕೊಡೋಕಾಗಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 32 ಅಡಿ ಉದ್ದದ ಫೈಬರ್ ಹಾಯಿದೋಣಿ. ಎಪ್ಪತ್ತರ ದಶಕದ್ದು. ಒಳಗೆ ಮಲಗಲು ಜಾಗ, ಒಂದು ಒಲೆ, ಸಣ್ಣ ಡೀಸೆಲ್ ಇಂಜಿನ್ ಇದೆ. ನಿಲ್ಲಿಸಿರುವುದು ಕೊಚ್ಚಿಯಲ್ಲಿ.

ಚಿಕ್ಕದಾಗಿ ಹೇಳುವುದಾದರೆ, ದೋಣಿಯಲ್ಲಿ ಹಳೆಯದಾಗುವುದು ದೋಣಿಯ ಮೈ ಅಲ್ಲ. ಆ ಮೈಗೆ ಕಟ್ಟಿರುವ, ತೂರಿಸಿರುವ, ಬಿಗಿದಿರುವ ಸಾಮಾನು. ಅದನ್ನೆಲ್ಲ ಬದಲಾಯಿಸಬಹುದು. ಆ ಕಾಲದಲ್ಲಿ ಫೈಬರ್ ಮೈಯನ್ನು ದಪ್ಪವಾಗಿಯೇ ಕಟ್ಟುತ್ತಿದ್ದರು. ವರ್ಷಗಟ್ಟಲೆ ನೀರಲ್ಲಿದ್ದರೆ ಹೊರಮೈ ಮೇಲೆ ಬೊಕ್ಕೆ ಏಳುವುದುಂಟು. ನೋಡೋಕೆ ಅಸಹ್ಯ. ಆದರೆ ಬೊಕ್ಕೆಯಿಂದ ದೋಣಿ ಮುಳುಗುವುದು ತೀರಾ ಅಪರೂಪ. ಕೆರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಬಳಿದರೆ ಆಯಿತು.

ನಂಬಿಕೆ ಬರದಿದ್ದರೆ ಗೋಲ್ಡನ್ ಗ್ಲೋಬ್ ರೇಸ್ ನೋಡಿ. ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಪಂದ್ಯ ಅದು. 1988ಕ್ಕಿಂತ ಮುಂಚಿನ ವಿನ್ಯಾಸದ, 32ರಿಂದ 36 ಅಡಿಯ ದೋಣಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ 2023ರಲ್ಲಿ ಎರಡನೆಯವರಾಗಿ ಮುಗಿಸಿದ್ದು ರಸ್ಲರ್ 36 ಅನ್ನುವ ಅಂಥದ್ದೇ ಒಂದು ದೋಣಿಯಲ್ಲಿ. 1969ರಲ್ಲಿ ಮೊದಲ ಬಾರಿಗೆ ಈ ಸಾಹಸ ಮಾಡಿದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ 'ಸುಹೈಲಿ' ಕಟ್ಟಿದ್ದು ನಮ್ಮ ಮುಂಬೈಯಲ್ಲಿ, ತೇಗದ ಮರದಲ್ಲಿ.

ಇನ್ನು ದುಡ್ಡು. ದೋಣಿ ಬೆಲೆಯ ಹತ್ತರಲ್ಲೊಂದು ಪಾಲು ವರ್ಷ ವರ್ಷ ರಿಪೇರಿಗೆ ಎತ್ತಿಡಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಬೆಲೆಯ ಪಾಲು ಅಂತ ಯಾರೂ ಹೇಳಲ್ಲ. ಹಳೆಯದಾದಷ್ಟೂ ದೋಣಿಯ ಬೆಲೆ ಇಳಿಯುತ್ತದೆ, ಸಾಮಾನಿನ ಬೆಲೆ ಇಳಿಯಲ್ಲ. ನೀವು ಅಗ್ಗಕ್ಕೆ ತಗೊಂಡಿರಿ ಅಂತ ಸ್ಟೀಲ್ ರೋಪಿನವನು ರಿಯಾಯಿತಿ ಕೊಡುತ್ತಾನಾ? ಹೊಸ ದೋಣಿಯ ಬೆಲೆಗೆ ಲೆಕ್ಕ ಹಾಕಿ, ಆಗ ನಿಜ ಗೊತ್ತಾಗುತ್ತದೆ. ಅಷ್ಟಾದರೂ ಹಳೆಯದೇ ಅಗ್ಗ, ಒಂದು ಷರತ್ತಿನ ಮೇಲೆ. ಖರ್ಚು ಸರಿಯಾದ ಕಡೆಯಿಂದ ಶುರುವಾಗಬೇಕು. ಹೆಚ್ಚಿನವರು ಮೊದಲು ಹೊಸ ಕುಶನ್ ಹೊಲಿಸುತ್ತಾರೆ, ಆಮೇಲೆ ದೊಡ್ಡ ಪರದೆಯ ಜಿಪಿಎಸ್ ಹಾಕಿಸುತ್ತಾರೆ. ನಾನು ಶುರು ಮಾಡುವುದು ತಳದ ತೂತುಗಳಿಂದ.

ತೂತು ಅಂದರೆ ಗಾಬರಿಯಾಗಬೇಡಿ. ಇಂಜಿನ್ ತಣ್ಣಗಾಗಲು ನೀರು ಬೇಕು, ಸಿಂಕ್ ನೀರು ಹೊರಗೆ ಹೋಗಬೇಕು, ಟಾಯ್ಲೆಟ್ ಇದೆ. ಎಲ್ಲದಕ್ಕೂ ತಳದಲ್ಲಿ ತೂತು, ಅದಕ್ಕೊಂದು ವಾಲ್ವ್, ವಾಲ್ವಿಗೆ ಪೈಪು. ನೀರಿನ ಮಟ್ಟಕ್ಕಿಂತ ಎರಡು ಅಡಿ ಕೆಳಗೆ ಒಂದೂವರೆ ಇಂಚಿನ ಪೈಪು ಕಳಚಿತು ಅಂದುಕೊಳ್ಳಿ. ತೋಟದಲ್ಲಿ ಔಷಧಿ ಕಲಸುವ 200 ಲೀಟರಿನ ಬ್ಯಾರಲ್ ಇದೆಯಲ್ಲ, ಅದು ಸುಮಾರು ಒಂದೂವರೆ ನಿಮಿಷದಲ್ಲಿ ತುಂಬುವಷ್ಟು ನೀರು ಒಳಗೆ ಬರುತ್ತದೆ. ಸಣ್ಣ ಬ್ಯಾಟರಿ ಪಂಪಿಗೆ ಅದನ್ನು ಹೊರಹಾಕುವ ತಾಕತ್ತಿಲ್ಲ. ಅದಕ್ಕೇ ಪ್ರತಿ ಪೈಪಿಗೆ ಎರಡೆರಡು ಕ್ಲಿಪ್ಪು, ಪ್ರತಿ ವಾಲ್ವಿನ ಪಕ್ಕ ಒಂದು ಮೆದು ಮರದ ಬೆಣೆ, ದಾರದಲ್ಲಿ ಕಟ್ಟಿ ನೇತುಹಾಕಿದ್ದೇನೆ.

ಆ ವಾಲ್ವು ಯಾವುದರಿಂದ ಮಾಡಿದ್ದು ಅನ್ನುವುದು ಇನ್ನೂ ಮುಖ್ಯ. ಕಂಚಾದರೆ ದಶಕಗಟ್ಟಲೆ ಬಾಳುತ್ತದೆ. ಸಾಧಾರಣ ಹಿತ್ತಾಳೆಯಾದರೆ ಉಪ್ಪುನೀರು ಅದರೊಳಗಿನ ಸತುವನ್ನು ಹೀರಿಬಿಡುತ್ತದೆ. ಉಳಿಯುವುದು ಬರೀ ಪೊಳ್ಳು ತಾಮ್ರ. ಹೊರಗಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ. ಚಾಕುವಿನಿಂದ ಸ್ವಲ್ಪ ಕೆರೆಯಬೇಕು. ಹಳದಿ ಹೊಳೆದರೆ ಸರಿ. ಗುಲಾಬಿ ಬಣ್ಣ ಕಂಡರೆ ಆ ವಾಲ್ವು ಕೈಯಲ್ಲೇ ಮುರಿಯುವ ಸ್ಥಿತಿಗೆ ಬಂದಿದೆ ಅಂತ ಅರ್ಥ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮಳೆಗಾಲಕ್ಕೆ ಮುಂಚೆ ಎಲೆರೋಗ ತಡೆಯಲು ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಮೈಲುತುತ್ತ (ತಾಮ್ರದ ಉಪ್ಪು), ಸುಣ್ಣ ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ಅಲ್ಲಿ ಕಬ್ಬಿಣ ತಾನು ಕರಗಿ ತಾಮ್ರಕ್ಕೆ ಜಾಗ ಬಿಡುತ್ತಿರುತ್ತದೆ. ಸಮುದ್ರದಲ್ಲೂ ಅದೇ ಜಾತಿಯ ಆಟ. ಎರಡು ಬೇರೆ ಬೇರೆ ಲೋಹ ಉಪ್ಪುನೀರಲ್ಲಿ ಒಂದಕ್ಕೊಂದು ತಾಗಿದ್ದರೆ ಅದರಲ್ಲಿ ಒಂದು ಕರಗುತ್ತದೆ. ಪ್ರೊಪೆಲ್ಲರ್ ಕರಗುವುದು ಬೇಡ ಅಂತಲೇ ಅದರ ಪಕ್ಕ ಒಂದು ಸತುವಿನ ಗಟ್ಟಿ ಕೂರಿಸುತ್ತೇವೆ. ಅದು ಅರ್ಧ ಸವೆದಾಗ ಬದಲಿಸುತ್ತೇವೆ. ಸವೆಯದೇ ಹಾಗೇ ಇದ್ದರೆ ಖುಷಿಪಡಬೇಡಿ, ಅದಕ್ಕೆ ಸಂಪರ್ಕವೇ ಸಿಕ್ಕಿಲ್ಲ. ಅಂದಹಾಗೆ, ತಳಕ್ಕೆ ಚಿಪ್ಪಿನ ಪ್ರಾಣಿಗಳು ಅಂಟದಿರಲಿ ಅಂತ ಬಳಿಯುವ ಬಣ್ಣದಲ್ಲೂ ಇರುವುದು ತಾಮ್ರವೇ. ಕಾಫಿ ಎಲೆಯ ತುಕ್ಕು ರೋಗಕ್ಕೂ ಈ ಪ್ರಾಣಿಗಳಿಗೂ ತಾಮ್ರ ಕಂಡರೆ ಆಗದು.

ಎರಡನೆಯದು ಕೂವೆಮರ, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬ, ಬೀಳದಂತೆ ನೋಡಿಕೊಳ್ಳುವುದು. ಅದನ್ನು ಹಿಡಿದು ನಿಲ್ಲಿಸಿರುವುದು ಸ್ಟೇನ್‌ಲೆಸ್ ಸ್ಟೀಲ್ ರೋಪುಗಳು, ಒಂದೊಂದರಲ್ಲಿ 19 ಎಳೆ. ಇವಕ್ಕೆ ಹತ್ತರಿಂದ ಹದಿನೈದು ವರ್ಷ ಆಯಸ್ಸು. ಹತ್ತಿ ಬಟ್ಟೆಯನ್ನು ರೋಪಿನ ಉದ್ದಕ್ಕೂ ಸವರಿಕೊಂಡು ಹೋಗಿ, ಎಳೆ ಕಡಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಸವರಬೇಡಿ, ರಕ್ತ ಬರುತ್ತದೆ. ಜಾಸ್ತಿ ಕಡಿಯುವುದು ಕೆಳಗಿನ ತುದಿಯಲ್ಲಿ, ರೋಪು ಕೊಳವೆಯೊಳಗೆ ಹೋಗುವ ಜಾಗದಲ್ಲಿ. ಅಲ್ಲಿ ಉಪ್ಪುನೀರು ಇಳಿದು ನಿಲ್ಲುತ್ತದೆ. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯಲ್ಲ ಅನ್ನುವುದು ಅರ್ಧ ಸತ್ಯ. ಗಾಳಿ ಆಡುವ ತನಕ ಮಾತ್ರ ಅದು ಸ್ಟೇನ್‌ಲೆಸ್. ಗಾಳಿ ಸಿಗದ ಸಂದಿಯಲ್ಲಿ ಒದ್ದೆಯಾಗಿ ಕೂತರೆ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ಈ ರೋಪುಗಳನ್ನು ದೋಣಿಯ ಮೈಗೆ ಬಿಗಿಯುವ ಪಟ್ಟಿಗಳಂತೂ ಡೆಕ್ಕಿನೊಳಗೆ, ಅಂದರೆ ನಾವು ಓಡಾಡುವ ಮೇಲ್ಹಾಸಿನೊಳಗೆ, ಹೂತಿರುತ್ತವೆ. ಕಳಚಿ ಹೊರಗೆ ತೆಗೆಯದೆ ಅವುಗಳ ಸ್ಥಿತಿ ಗೊತ್ತಾಗಲ್ಲ. ಬೇಜಾರಿನ ಕೆಲಸ. ಮಾಡಲೇಬೇಕು.

ಆಮೇಲೆ ಇಂಜಿನ್. ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ, ಇಂಪೆಲ್ಲರ್, ವರ್ಷಕ್ಕೊಮ್ಮೆ ಬದಲು, ಡೀಸೆಲ್ ಟ್ಯಾಂಕ್ ಯಾವಾಗಲೂ ತುಂಬಿರಬೇಕು. ಖಾಲಿ ಜಾಗದ ತೇವ ನೀರಾಗಿ ತಳ ಸೇರುತ್ತದೆ, ಅದರಲ್ಲಿ ಪಾಚಿಯಂಥದ್ದು ಬೆಳೆದು ಫಿಲ್ಟರ್ ಕಟ್ಟುತ್ತದೆ. ಉಳಿದದ್ದು ತೋಟದ ಪಂಪ್‌ಸೆಟ್ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ.

ಹೊಸ ಸೌಕರ್ಯ ಏನೂ ಹಾಕಿಲ್ಲವಾ ಅಂದರೆ, ಹಾಕಿದ್ದೇನೆ. ಕೂವೆಮರದ ತುದಿಯ ದೀಪ 25 ವ್ಯಾಟಿನ ಬಲ್ಬಿತ್ತು, ಈಗ ಎಲ್‌ಇಡಿ. ರಾತ್ರಿಯಿಡೀ ಉರಿದರೂ ಬ್ಯಾಟರಿಗೆ ಲೆಕ್ಕಕ್ಕಿಲ್ಲ. ವೈರೆಲ್ಲ ತೆಗೆದು ತವರ ಲೇಪಿಸಿದ ತಾಮ್ರದ ವೈರು ಎಳೆಸಿದೆ. ಒಂದು ಸೋಲಾರ್ ಫಲಕ ಇದೆ. ಲಿಥಿಯಂ ಬ್ಯಾಟರಿಗೆ ಮಾತ್ರ ಹೋಗಿಲ್ಲ. ಅದು ಕೊಟ್ಟಷ್ಟೂ ಕರೆಂಟ್ ಎಳೆಯುತ್ತದೆ, ಇಂಜಿನ್ನಿನಿಂದ ಬ್ಯಾಟರಿ ಚಾರ್ಜ್ ಮಾಡುವ ಹಳೇ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಅದಕ್ಕೆ ಬೇರೆ ರೆಗ್ಯುಲೇಟರ್ ಬೇಕು. ಒಂದು ಸೌಕರ್ಯಕ್ಕೆ ಇನ್ನೆರಡು ಸಾಮಾನು ಬೇಕು ಅಂದರೆ ನನಗೆ ಅದು ಬೇಡ.

ಹೊಸದು ಬೇಡ ಅನ್ನೋಕೆ ಇನ್ನೊಂದು ಕಾರಣ ನಮ್ಮ ಕಸುಬೇ. ಅರಬ್ಬಿ ಸಮುದ್ರ ಸಮಾಧಾನವಾಗಿರುವುದು ಡಿಸೆಂಬರಿನಿಂದ ಫೆಬ್ರುವರಿ. ಅದೇ ಹೊತ್ತಿಗೆ ಇಲ್ಲಿ ಕುಯ್ಲು. ಅರೇಬಿಕಾ ಕಣದಿಂದ ಎದ್ದಿತು ಅನ್ನುವಷ್ಟರಲ್ಲಿ ರೋಬಸ್ಟಾ. ಆಳು ಸಿಗದ ಈ ಕಾಲದಲ್ಲಿ ತೋಟ ನೋಡಿಕೊಳ್ಳುವ ರೈಟರ ಮೇಲೆ ಎಲ್ಲ ಬಿಟ್ಟು ಹಾಯಿ ಬಿಚ್ಚಲು ಹೋಗೋಕಾಗುತ್ತಾ? ಕಾಫಿ ಹೂ ಅರಳಿಸುವ ಹೂಮಳೆ ಆದಮೇಲೆ ಒಂದಿಷ್ಟು ದಿನ ಸಿಗುತ್ತದೆ, ಅಷ್ಟರಲ್ಲಿ ಮುಂಗಾರು. ದೋಣಿ ಮತ್ತೆ ದಡಕ್ಕೆ. ಹೀಗೆ ನಿಂತೇ ಇರುವ ದೋಣಿ ಓಡುವ ದೋಣಿಗಿಂತ ಬೇಗ ಹಾಳಾಗುತ್ತದೆ, ಹೊಸದಾದರೂ ಅಷ್ಟೇ. ಸುಮ್ನೆ ನಿಲ್ಲಿಸಿಡೋಕೆ ಹೊಸದಕ್ಕೆ ಸಾಲ ಯಾಕೆ?

ಇಷ್ಟು ಕೇಳಿದ ಮೇಲೂ ಕೆಲವರು "ಹಾಗಾದ್ರೆ ನಾನೂ ಒಂದು ಹಳೇದು ನೋಡ್ಲಾ?" ಅನ್ನುತ್ತಾರೆ. ನೋಡಿ. ಹೋಗುವಾಗ ಟಾರ್ಚು, ಚಾಕು, ಪ್ಲಾಸ್ಟಿಕ್ ತಲೆಯ ಸುತ್ತಿಗೆ ಒಯ್ಯಿರಿ. ಡೆಕ್ಕಿನ ಮೇಲೆ ಕುಟ್ಟುತ್ತಾ ಹೋಗಿ. ಟಣಟಣ ಅಂದರೆ ಸರಿ, ದಬದಬ ಅಂದರೆ ಫೈಬರ್ ಪದರಗಳ ನಡುವೆ ತುಂಬಿರುವ ಮರ ನೆಂದಿದೆ. ಆಮೇಲೆ ನೆಲದ ಹಲಗೆ ಎತ್ತಿ. ತಳದಲ್ಲಿ ನೀರಿದ್ದರೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಸಪ್ಪೆಯಾಗಿದ್ದರೆ ಮಳೆನೀರು, ಡೆಕ್ ಸೋರುತ್ತಿದೆ, ಇಲ್ಲವೇ ಕುಡಿಯುವ ನೀರಿನ ಟ್ಯಾಂಕ್ ಸೋರಿದೆ. ಬೆಲೆ ಚೌಕಾಸಿ ಮಾಡಿ. ಉಪ್ಪಾಗಿದ್ದರೆ ಎಲ್ಲಿಂದ ಬಂತು ಅಂತ ಗೊತ್ತಾಗುವ ತನಕ ಮುಂಗಡ ಕೊಡಬೇಡಿ. ಡೀಸೆಲ್ ವಾಸನೆ ಬಂದರೆ ನಾಲಿಗೆಗೆ ಹಚ್ಚುವುದೇ ಬೇಡ.